ಬಿಳಿ ಬೆಲ್ಟಿನಿಂದ ಸೆನ್ಸರ್ ಸಾಕ್ಸ್‌ವರೆಗೆ: ಟೇಕ್ವಾಂಡೊ ಸಾಮಾನುಗಳ ವಿಮರ್ಶೆ

ದೋಜಾಂಗ್‌ಗೆ, ಅಂದರೆ ಟೇಕ್ವಾಂಡೊ ಕಲಿಸುವ ಶಾಲೆಗೆ, ಸೇರಿದ ವಾರದಲ್ಲೇ ಹೊಸಬರ ಕಣ್ಣು ಬೀಳುವುದು ಆ ದೊಡ್ಡ ಬ್ಯಾಗಿನ ಮೇಲೆ. ಚೆಸ್ಟ್ ಗಾರ್ಡ್, ಹೆಡ್ ಗಾರ್ಡ್, ಶಿನ್ ಗಾರ್ಡ್, ಕೈಗವಸು, ಎಲ್ಲವೂ ಒಂದೇ ಸೆಟ್ಟಿನಲ್ಲಿ. ಈ ಸೆಟ್ಟಿಗೆ ಐದರಲ್ಲಿ ಎರಡು ಅಂಕ ಕೊಟ್ಟರೆ ಹೆಚ್ಚು. ಸಾಮಾನು ಕೆಟ್ಟದ್ದು ಎಂದಲ್ಲ. ಮೊದಲ ಬೆಲ್ಟ್ ಟೆಸ್ಟಿನಲ್ಲಿ ಅದರ ಮುಕ್ಕಾಲು ಭಾಗ ಬ್ಯಾಗಿನಿಂದ ಹೊರಗೇ ಬರುವುದಿಲ್ಲ. ಬರುವ ಹೊತ್ತಿಗೆ ಮಗು ಎರಡು ಸೈಜು ಬೆಳೆದಿರುತ್ತದೆ. ಸೆಟ್ಟಿನೊಳಗಿನ ಒಂದೆರಡು ಐಟಂಗಳಂತೂ ಒದೆತವನ್ನು ಸೆನ್ಸರ್ ಎಣಿಸುವ ಎಲೆಕ್ಟ್ರಾನಿಕ್ ಸ್ಪರ್ಧೆಗೆ ಬರುವುದೇ ಇಲ್ಲ. ಹಾಗಾಗಿ ಇಲ್ಲಿ ಒಂದೊಂದನ್ನೂ ಅದು ನಿಜವಾಗಿ ಬೇಕಾಗುವ ಕ್ರಮದಲ್ಲೇ ನೋಡೋಣ. ಮಾತೆಲ್ಲ ಒಲಿಂಪಿಕ್ಸ್ ಟೇಕ್ವಾಂಡೊದ ಸಂಸ್ಥೆಯಾದ ವರ್ಲ್ಡ್ ಟೇಕ್ವಾಂಡೊ ನಿಯಮದಲ್ಲಿ ಆಡುವ, ಕುಕ್ಕಿವನ್ ಎಂಬ ಕೊರಿಯಾದ ಕೇಂದ್ರದ ಪದ್ಧತಿಯ ದೋಜಾಂಗ್‌ಗಳ ಬಗ್ಗೆ. ಐಟಿಎಫ್ ಎಂಬ ಇನ್ನೊಂದು ಸಂಸ್ಥೆಯವರ ಸಾಮಾನೂ ನಿಯಮವೂ ಬೇರೆ.

ದೋಬೋಕ್

ಬಿಳಿ ಬೆಲ್ಟಿನವರಿಗೆ, ಅಂದರೆ ಹೊಸಬರಿಗೆ, ಬೇಕಾದದ್ದು ಈ ಸಮವಸ್ತ್ರ ಒಂದೇ. ಸೈಜು ಎತ್ತರದ ಲೆಕ್ಕದಲ್ಲಿ, ಸೆಂಟಿಮೀಟರಿನಲ್ಲಿ, ಸಾಮಾನ್ಯವಾಗಿ ಹತ್ತು ಹತ್ತರ ಅಂತರದಲ್ಲಿ ಬರುತ್ತದೆ. ಶುದ್ಧ ಹತ್ತಿಯದಾದರೆ ಮೊದಲ ಒಗೆತಕ್ಕೇ ಕುಗ್ಗುತ್ತದೆ, ಬಿಸಿ ನೀರಾದರೆ ಇನ್ನೂ ಹೆಚ್ಚು. ಪಾಲಿಯೆಸ್ಟರ್ ಬೆರೆತದ್ದು ಅಷ್ಟು ಕುಗ್ಗುವುದಿಲ್ಲ, ಬೇಗ ಒಣಗುತ್ತದೆ, ಆದರೆ ಬೆವರು ಹೀರುವುದರಲ್ಲಿ ಹಿಂದೆ. ವಾರಕ್ಕೆ ಮೂರು ಕ್ಲಾಸು ಇರುವವರಿಗೆ ಬೆರಕೆ ಬಟ್ಟೆಯೇ ವಾಸಿ.

ಹಾಕಿ ನೋಡುವಾಗ ಕನ್ನಡಿ ಮುಂದೆ ನಿಂತರೆ ಏನೂ ತಿಳಿಯುವುದಿಲ್ಲ. ಎರಡೂ ಕೈ ಮೇಲೆತ್ತಿ: ಮೇಲಂಗಿ ಬೆಲ್ಟಿನಿಂದ ಕಿತ್ತು ಬಂದರೆ ಗಿಡ್ಡವಾಯಿತು. ಆಪ್ ಚಾಗಿಗೆ (ಮುಂದಕ್ಕೆ ಒದೆಯುವುದಕ್ಕೆ) ಮೊಣಕಾಲನ್ನು ಎದೆಯವರೆಗೆ ಎತ್ತಿ: ತೊಡೆಸಂದಿನಲ್ಲಿ ಬಟ್ಟೆ ಎಳೆದರೆ ಅಲ್ಲಿ ವಜ್ರದ ಆಕಾರದ ತುಂಡು ಹೊಲಿದಿಲ್ಲ ಎಂದರ್ಥ, ಇಂಥದ್ದು ಬೇಗ ಹರಿಯುತ್ತದೆ. ಕೊನೆಗೆ ದ್ವಿತ್ ಚಾಗಿಗೆ (ಹಿಂದಕ್ಕೆ ಒದೆಯುವುದಕ್ಕೆ) ತಿರುಗಿ ನೋಡಿ. ಪ್ಯಾಂಟಿನ ತುದಿ ಹಿಮ್ಮಡಿಯ ಕೆಳಗೆ ಸಿಕ್ಕಿದರೆ ಬೀಳುವುದು ಖಂಡಿತ. ತುದಿ ಕಾಲಿನ ಗಂಟಿನ ಹತ್ತಿರ ನಿಲ್ಲಬೇಕು. 'ಬೆಳೆಯುವ ಮಗು' ಎಂದು ಉದ್ದದ್ದು ತಂದವರು ತುದಿಯನ್ನು ಒಳಕ್ಕೆ ಮಡಚಿ ಹೊಲಿಸಿಬಿಡಿ. ಸುಮ್ಮನೆ ಮಡಚಿ ಬಿಟ್ಟರೆ ಎರಡನೇ ಒದೆತಕ್ಕೇ ಬಿಚ್ಚಿಕೊಳ್ಳುತ್ತದೆ.

ಕುತ್ತಿಗೆ ಪಟ್ಟಿಯ ಬಣ್ಣಕ್ಕೂ ಅರ್ಥವಿದೆ. ಬಣ್ಣದ ಬೆಲ್ಟುಗಳಿಗೆ ಬಿಳಿ, ಮಕ್ಕಳ ಕಪ್ಪು ಬೆಲ್ಟ್ ದರ್ಜೆಯಾದ ಪೂಮ್‌ಗೆ ಕೆಂಪು-ಕಪ್ಪು, ದೊಡ್ಡವರ ಕಪ್ಪು ಬೆಲ್ಟ್ ದರ್ಜೆಯಾದ ದಾನ್ ಆದವರಿಗೆ ಕಪ್ಪು. ಚೆನ್ನಾಗಿ ಕಾಣುತ್ತದೆಂದು ಹಸಿರು ಬೆಲ್ಟಿಗೆ ಕಪ್ಪು ಪಟ್ಟಿಯದನ್ನು ತರಬೇಡಿ, ಟೆಸ್ಟಿನ ದಿನ ಮುಜುಗರ. ಪೂಮ್ಸೆಗೆಂದೇ, ಅಂದರೆ ಎದುರಾಳಿಯಿಲ್ಲದೆ ಗೊತ್ತಾದ ಕ್ರಮದಲ್ಲಿ ಮಾಡುವ ಚಲನೆಗಳಿಗೆಂದೇ, ಬರುವ ದಪ್ಪ ಬಟ್ಟೆಯ ದೋಬೋಕ್ ಗುದ್ದಿಗೊಮ್ಮೆ 'ಫಟ್' ಎನ್ನುತ್ತದೆ. ಆ ಸದ್ದು ಹಾಕಿಕೊಂಡವರಿಗೇ ಮೋಸ ಮಾಡುತ್ತದೆ. ಗುದ್ದು ಭುಜದಿಂದ ಬಂದರೂ ಸೊಂಟದಿಂದ ಬಂದರೂ ಬಟ್ಟೆ ಒಂದೇ ರೀತಿ ಸದ್ದು ಮಾಡುತ್ತದೆ, ಎದುರು ಕೂತ ಜಡ್ಜು ಸೊಂಟವನ್ನೇ ನೋಡುತ್ತಾರೆ.

ಬೆಲ್ಟು ಎರಡು ಸುತ್ತು ಬಂದು, ಗಂಟು ಹಾಕಿದ ಮೇಲೆ ಎರಡೂ ತುದಿ ಸಮನಾಗಿ ತೂಗಬೇಕು. ಬೆನ್ನ ಹಿಂದೆ ಒಂದು ಸುತ್ತು ಇನ್ನೊಂದರ ಮೇಲೆ ಪೂರ್ತಿ ಕೂರಬೇಕು, ಅಡ್ಡ ಹಾಯಬಾರದು. ಹೊಸ ಬೆಲ್ಟು ಬಿರುಸಾಗಿದ್ದು ಪೂಮ್ಸೆ ನಡುವೆ ಗಂಟು ಬಿಚ್ಚಿಕೊಳ್ಳುತ್ತದೆ. ಟೆಸ್ಟಿಗೆ ಮೊದಲೇ ಅದನ್ನು ಕೈಯಲ್ಲಿ ಹಿಂದೆ ಮುಂದೆ ಮಡಚಿ, ಹಿಸುಕಿ ಮೆದುಮಾಡಿಕೊಂಡರೆ ಈ ಕಾಟ ಇಲ್ಲ.

ಟೆಸ್ಟಿನ ಸಾಮಾನು

ಬಣ್ಣದ ಬೆಲ್ಟಿನ ಟೆಸ್ಟ್‌ಗಳಲ್ಲಿ ಮುಖ್ಯ ಭಾಗ ಪೂಮ್ಸೆ. ತೇಗುಕ್ ಎಂಬ ಪೂಮ್ಸೆಗಳು ಒಂದರಿಂದ ಎಂಟು, ಕಪ್ಪು ಬೆಲ್ಟಿನ ನಂತರ ಕೊರ್ಯೊ ಮತ್ತು ಮುಂದಿನವು. ಇದಕ್ಕೆ ಕೊಳ್ಳುವಂಥದ್ದು ಏನೂ ಇಲ್ಲ, ನೆಲದ ಮೇಲೆ ಅಂಟಿಸುವ ಒಂದು ಟೇಪು ಬಿಟ್ಟರೆ. ಮೊದಲನೆಯದಾದ ತೇಗುಕ್ ಇಲ್ ಜಾಂಗ್‌ನಲ್ಲಿ 18 ಪೂಮ್, ಇಲ್ಲಿ ಪೂಮ್ ಎಂದರೆ ದರ್ಜೆಯಲ್ಲ, ಚಲನೆಯ ಒಂದು ಘಟ್ಟ. ಶುರುಮಾಡಿದ ಜಾಗಕ್ಕೇ ಬಂದು ಮುಗಿಯಬೇಕು. ಮುಗಿಯದಿದ್ದರೆ ಎಲ್ಲೋ ಒಂದು ನಿಲುವು ಉದ್ದವೋ ಗಿಡ್ಡವೋ ಆಗಿದೆ. ಆಪ್ ಸೊಗಿ ಎಂಬ ಗಿಡ್ಡ ನಿಲುವು ಸಹಜವಾಗಿ ನಡೆಯುವಾಗಿನ ಒಂದು ಹೆಜ್ಜೆ. ಆಪ್ ಕುಬಿ ಎಂಬ ಉದ್ದ ನಿಲುವು ಸುಮಾರು ಒಂದೂವರೆ ಹೆಜ್ಜೆ, ಎರಡು ಪಾದಗಳ ನಡುವೆ ಅಡ್ಡಕ್ಕೆ ಒಂದು ಮುಷ್ಟಿಯಷ್ಟು ಜಾಗ. ಶುರುವಿನ ಜಾಗಕ್ಕೆ ಟೇಪು ಅಂಟಿಸಿ ಮುಗಿದಾಗ ಎಷ್ಟು ದೂರ ಬಂದಿರಿ ಎಂದು ನೋಡಿದರೆ ತಪ್ಪು ತಾನೇ ಸಿಗುತ್ತದೆ. ಸಾಮಾನ್ಯವಾಗಿ ತಿರುವುಗಳಲ್ಲಿ ಸಿಗುತ್ತದೆ. ತಿರುಗುವ ಅವಸರದಲ್ಲಿ ಎಲ್ಲರೂ ಆಪ್ ಸೊಗಿಯನ್ನು ಹಿಗ್ಗಿಸುತ್ತಾರೆ.

ಕ್ಯೊಕ್ಪಾಗೆ, ಅಂದರೆ ಹಲಗೆ ಒಡೆಯುವುದಕ್ಕೆ, ಎರಡು ದಾರಿ: ಪೈನ್ ಮರದ ಹಲಗೆ, ಇಲ್ಲವೇ ಮತ್ತೆ ಮತ್ತೆ ಜೋಡಿಸುವ ಪ್ಲಾಸ್ಟಿಕ್ ಹಲಗೆ. ಪ್ಲಾಸ್ಟಿಕ್ಕಿನದಕ್ಕೆ ನಾಲ್ಕು ಅಂಕ. ಬಣ್ಣದ ಮೇಲೆ ಗಟ್ಟಿತನ ತಿಳಿಯುತ್ತದೆ, ವರ್ಷಗಟ್ಟಲೆ ಬಾಳುತ್ತದೆ. ಕಳೆಯುವ ಒಂದು ಅಂಕ ಅದರ ಸಂದಿಗೆ. ಹಲ್ಲಿನಂತೆ ಒಂದಕ್ಕೊಂದು ಕೂರುವ ಆ ಸಂದಿಯಲ್ಲಿ ಧೂಳು ಕೂತರೆ, ಅಥವಾ ಒಂದು ತುದಿ ಪೂರ್ತಿ ಕೂರದಿದ್ದರೆ, ಅದೇ ಹಲಗೆ ಒಂದು ಸಲ ಮುಟ್ಟಿದರೆ ಬಿಚ್ಚುತ್ತದೆ, ಇನ್ನೊಂದು ಸಲ ಕಲ್ಲಾಗುತ್ತದೆ. ಪ್ರತಿ ಸಲ ಜೋಡಿಸಿದ ಮೇಲೆ ಬೆರಳಿನಿಂದ ಸಂದಿಯುದ್ದಕ್ಕೂ ಸವರಿ, ಎಲ್ಲೂ ಉಬ್ಬು ಸಿಗಬಾರದು.

ಮರದ ಹಲಗೆ ಒಡೆಯುವುದು ಎಳೆಯ ಉದ್ದಕ್ಕೆ. ಹಿಡಿಯುವವರು ಆ ಎಳೆಗೆ ಸಮಾನಾಂತರವಾದ ಎರಡು ಅಂಚುಗಳನ್ನು ಹಿಡಿಯಬೇಕು. ಅಡ್ಡ ಹಿಡಿದರೆ ಮರದ ಪೂರ್ತಿ ಬಲದ ಜೊತೆ ಸೆಣಸಬೇಕಾಗುತ್ತದೆ. ತೇವ ಹಿಡಿದ ಹಲಗೆ ಮುರಿಯುವ ಬದಲು ಬಾಗುತ್ತದೆ, ಗಂಟು ಇರುವ ಹಲಗೆ ಮುಷ್ಟಿಯನ್ನೇ ಒಡೆಯುತ್ತದೆ. ಇವೆರಡನ್ನೂ ಬದಿಗಿಡಿ. ಇನ್ನು ಹಲಗೆ ಮುರಿಯದಿದ್ದಾಗ ಬೈಗುಳ ಬೀಳುವುದು ಒದ್ದವರಿಗೆ, ಆದರೆ ಎಷ್ಟೋ ಸಲ ತಪ್ಪು ಹಿಡಿದವರದ್ದು. ಮೊಣಕೈ ಸಡಿಲ ಬಿಟ್ಟು ಹಿಡಿದರೆ ಏಟಿನ ಜೊತೆಗೆ ಹಲಗೆಯೂ ಹಿಂದೆ ಸರಿಯುತ್ತದೆ. ಒಂದು ಕಾಲು ಹಿಂದಿಟ್ಟು, ಮೊಣಕೈ ನೆಟ್ಟಗೆ ಮಾಡಿ, ಮುಖ ಪಕ್ಕಕ್ಕೆ ತಿರುಗಿಸಿ ಹಿಡಿಯಬೇಕು. ಬೆರಳ ತುದಿಗಳು ಒದೆತ ಬೀಳುವ ಕಡೆಗೆ ಇಣುಕಬಾರದು.

ದಾನ್ ಟೆಸ್ಟಿನ ಸರ್ಟಿಫಿಕೇಟನ್ನೂ ಒಂದು ಸೇವೆ ಎಂದೇ ತೂಗಿ ನೋಡಬೇಕು. ಕೊಡುವುದು ಕೊರಿಯಾದ ಸೋಲ್ ನಗರದಲ್ಲಿ 1972ರಲ್ಲಿ ಶುರುವಾದ ಕುಕ್ಕಿವನ್. 15 ವರ್ಷದೊಳಗಿನವರಿಗೆ ಪೂಮ್, ಆಮೇಲೆ ದಾನ್. ಒಂದರಿಂದ ಎರಡನೇ ದಾನ್‌ಗೆ ಕನಿಷ್ಠ ಒಂದು ವರ್ಷ, ಎರಡರಿಂದ ಮೂರಕ್ಕೆ ಎರಡು ವರ್ಷ, ಮೂರರಿಂದ ನಾಲ್ಕಕ್ಕೆ ಮೂರು ವರ್ಷ ಕಾಯಬೇಕು. ದೋಜಾಂಗ್ ತಾನೇ ಅಚ್ಚು ಹಾಕಿ ಕೊಡುವ ಕಪ್ಪು ಬೆಲ್ಟಿನ ಕಾಗದ ಬೇರೆ, ಕುಕ್ಕಿವನ್ ನಂಬರಿರುವ ಕಾಗದ ಬೇರೆ. ಶುಲ್ಕ ಕಟ್ಟುವ ಮೊದಲೇ ಯಾವುದು ಎಂದು ಬಾಯಿಬಿಟ್ಟು ಕೇಳಿ. ಅರ್ಜಿಯಲ್ಲಿ ಹೆಸರಿನ ಅಕ್ಷರ, ಹುಟ್ಟಿದ ದಿನ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಲಿ. ಆಮೇಲೆ ತಿದ್ದಿಸುವುದು ಟೆಸ್ಟಿಗಿಂತ ಕಷ್ಟ.

ಫೈಟಿನ ಸಾಮಾನು

ಕೊರಿಯನ್ನರು ಚೆಸ್ಟ್ ಗಾರ್ಡಿಗೆ ಹೋಗು ಎನ್ನುತ್ತಾರೆ. ಒದೆ ತಿನ್ನುವವರ ಮೈಮೇಲೆ ಇರುವುದರಿಂದ ಕನ್ನಡದ ಕಿವಿಗೂ ಹೆಸರು ಸರಿಯೇ. ಅಭ್ಯಾಸಕ್ಕೆ ದೋಜಾಂಗ್‌ನವರದ್ದೇ ಇರುತ್ತದೆ, ಸ್ವಂತ ಬೇಕಿಲ್ಲ. ಕೊಳ್ಳಲೇಬೇಕೆಂದರೆ ಸೈಜೇ ಎಲ್ಲ. ದೊಡ್ಡದಾದರೆ ಬಗ್ಗಿದಾಗ ಗದ್ದಕ್ಕೆ ಬಂದು ತಗಲುತ್ತದೆ, ಕಂಕುಳ ಬಳಿ ತಡೆದು ಕೈ ಆಡುವುದಿಲ್ಲ. ಚಿಕ್ಕದಾದರೆ ಪಕ್ಕೆಲುಬಿನ ಕೆಳಭಾಗ ಬರಿದಾಗಿ ಉಳಿಯುತ್ತದೆ, ದೊಲ್ಯೊ ಚಾಗಿ, ಅಂದರೆ ಪಕ್ಕದಿಂದ ಬೀಸುವ ಒದೆತ, ಬಂದು ಬೀಳುವುದು ಅಲ್ಲಿಗೇ. ಬೆನ್ನ ಹಿಂದೆ ಲಾಡಿಯನ್ನು ಬಿಗಿಯಾಗಿ ಎಳೆದು ಕಟ್ಟಬೇಕು; ಆದರೆ ಉಸಿರು ಪೂರ್ತಿ ಎಳೆದುಕೊಂಡಾಗ ಕಟ್ಟಿಸಿಕೊಳ್ಳಿ, ಇಲ್ಲದಿದ್ದರೆ ಎರಡನೇ ರೌಂಡಿಗೆ ಏದುಸಿರು.

ಹೆಡ್ ಗಾರ್ಡು ಹಾಕಿ ತಲೆ ಜೋರಾಗಿ ಅಲ್ಲಾಡಿಸಿದರೆ ತಲೆಯ ಜೊತೆಗೇ ತಿರುಗಬೇಕು. ಕಿವಿಯ ತೂತು ಕಿವಿಯ ಮೇಲೇ ಇರಬೇಕು, ಹುಬ್ಬಿನ ಮೇಲೆ ಇಳಿಯಬಾರದು. ಹೆಚ್ಚಿನವು ಫೋಮಿನ ಮೇಲೆ ಲೇಪನ ಹೊದಿಸಿದವು. ಥಿನ್ನರ್, ಸ್ಪಿರಿಟ್ ಹಾಕಿ ಒರೆಸಿದರೆ ಅಥವಾ ಬಿಸಿಲಿಗಿಟ್ಟರೆ ಆ ಲೇಪನ ಬಿರುಕು ಬಿಡುತ್ತದೆ, ಬಿರುಕಿನಲ್ಲಿ ಬೆವರು ಇಳಿದು ವಾಸನೆ ಹೋಗುವುದೇ ಇಲ್ಲ. ಒದ್ದೆ ಬಟ್ಟೆ, ಸ್ವಲ್ಪ ಸೋಪು, ನೆರಳು. ಅಷ್ಟು ಸಾಕು.

ಶಿನ್ ಗಾರ್ಡಿನಲ್ಲಿ ಒಂದು ಬಲೆ ಇದೆ. ಸೆಟ್ಟಿನಲ್ಲಿ ಬರುವುದು ಬಹಳ ಸಲ ಪಾದದ ಮೇಲ್ಭಾಗವನ್ನೂ ಮುಚ್ಚುವ ಜೋಡಿ ಗಾರ್ಡ್. ಕ್ಲಾಸಿನ ಫೈಟಿಗೆ ಬಹಳ ಚೆನ್ನ. ಎಲೆಕ್ಟ್ರಾನಿಕ್ ಸ್ಪರ್ಧೆಗೆ ಹೋದ ದಿನ ಪಾದಕ್ಕೆ ಸೆನ್ಸರ್ ಸಾಕ್ಸ್ ಹಾಕಬೇಕು, ಆಗ ಈ ಜೋಡಿ ಗಾರ್ಡಿಗೆ ಜಾಗವೇ ಇಲ್ಲ. ಮುಂದೆ ಸ್ಪರ್ಧೆಗೆ ಇಳಿಯುವ ಆಸೆ ಇದ್ದರೆ ಮೊದಲೇ ಪಾದ ಮುಚ್ಚದ, ಬರೀ ಮೊಣಕಾಲ ಕೆಳಗಿನದನ್ನು ತನ್ನಿ. ಶಿನ್ ಗಾರ್ಡ್, ಮುಂಗೈ ಗಾರ್ಡ್, ತೊಡೆಸಂದಿಯ ಗ್ರೋಯಿನ್ ಗಾರ್ಡ್ ಮೂರನ್ನೂ ನಿಯಮದಂತೆ ದೋಬೋಕ್ ಒಳಗೇ ಹಾಕಬೇಕು. ದಪ್ಪನೆಯ ಮುಂಗೈ ಗಾರ್ಡ್ ತೋಳಿನೊಳಗೆ ತುರುಕಲು ಆಗದೆ ತಪಾಸಣೆಯಲ್ಲಿ ಒದ್ದಾಡುವವರನ್ನು ಪ್ರತಿ ಸ್ಪರ್ಧೆಯಲ್ಲೂ ಕಾಣಬಹುದು.

ಮೌತ್ ಗಾರ್ಡ್ ಬಿಳಿ ಅಥವಾ ಪಾರದರ್ಶಕ ಇರಬೇಕು. ಕಪ್ಪು, ಹುಲಿ ಹಲ್ಲಿನ ಚಿತ್ರದ್ದು ಮನೆಯಲ್ಲೇ ಇರಲಿ. ಬಿಸಿನೀರಿನಲ್ಲಿ ಮೆತ್ತಗಾಗಿಸಿ ಕಚ್ಚುವ ಬಗೆ ಸಾಕು, ಆದರೆ ಪ್ಯಾಕೆಟ್ಟಿನಲ್ಲಿ ಹೇಳಿದಷ್ಟೇ ಸೆಕೆಂಡು ಇಡಿ. ಹೆಚ್ಚಾದರೆ ಆಕಾರ ಕೆಟ್ಟು ಹಲ್ಲಿಗೆ ಹಿಡಿಯುವುದೇ ಇಲ್ಲ. ಬಾಯಿ ತೆರೆದಾಗ ಕೆಳಗೆ ಜಾರಿದರೆ ಅದು ಕೆಲಸಕ್ಕೆ ಬಾರದ್ದು. ಹಲ್ಲಿಗೆ ತಂತಿ ಹಾಕಿದವರು ದಂತವೈದ್ಯರನ್ನು ಕೇಳದೆ ಇದನ್ನು ಕಚ್ಚಬೇಡಿ.

ಸೆನ್ಸರ್ ಸಾಕ್ಸ್

ಇಡೀ ಬ್ಯಾಗಿನಲ್ಲಿ ಅತಿ ಹಗುರ, ಅತಿ ಹೆಚ್ಚು ಜಗಳಕ್ಕೆ ಕಾರಣ. ದೊಡ್ಡ ಸ್ಪರ್ಧೆಗಳಲ್ಲಿ ಸ್ಪೇನಿನ ದೈದೋ ಅಥವಾ ಕೊರಿಯಾದ ಕೆಪಿಎನ್‌ಪಿ, ಈ ಎರಡು ಕಂಪನಿಗಳಲ್ಲಿ ಒಂದರ ಪಾಯಿಂಟ್ ಎಣಿಸುವ ವ್ಯವಸ್ಥೆ ಇರುತ್ತದೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿದ್ದದ್ದು ದೈದೋ. ಎಲೆಕ್ಟ್ರಾನಿಕ್ ಹೋಗು ಮತ್ತು ಹೆಡ್ ಗಾರ್ಡ್ ಸಾಮಾನ್ಯವಾಗಿ ಸಂಘಟಕರದ್ದು, ಸಾಕ್ಸ್ ಮಾತ್ರ ಆಟಗಾರರೇ ತರಬೇಕು. ಒಂದು ವ್ಯವಸ್ಥೆಯ ಸಾಕ್ಸ್ ಇನ್ನೊಂದರಲ್ಲಿ ನಡೆಯುವುದಿಲ್ಲ. ಸ್ಪರ್ಧೆಯ ಸುತ್ತೋಲೆಯಲ್ಲಿ ಯಾವುದು ಎಂದು ನೋಡದೆ ಸಾಕ್ಸ್ ಕೊಂಡರೆ ದುಡ್ಡು ದಂಡ.

ಕೆಲಸ ಹೀಗೆ: ಸಾಕ್ಸಿನ ಗುರುತಾದ ಜಾಗ ಹೋಗುವಿಗೆ ತಗುಲಬೇಕು, ಜೊತೆಗೆ ಏಟಿನ ಬಲ ಆ ತೂಕದ ವಿಭಾಗಕ್ಕೆ ಇಟ್ಟ ಮಟ್ಟ ದಾಟಬೇಕು. ಎರಡೂ ಆದರೆ ಮಾತ್ರ ಪಾಯಿಂಟು. ಮೊಣಕಾಲ ಕೆಳಗಿನ ಎಲುಬಿನಿಂದ ಎಷ್ಟೇ ಬಲವಾಗಿ ಬಾರಿಸಿದರೂ ಬೋರ್ಡಿನಲ್ಲಿ ಸೊನ್ನೆಯೇ. ಗುದ್ದಿನ ಒಂದು ಪಾಯಿಂಟ್ ಮಾತ್ರ ಯಂತ್ರದ್ದಲ್ಲ, ಮೂಲೆಯ ಜಡ್ಜುಗಳು ಗುಂಡಿ ಒತ್ತಿದರೇ ಬರುತ್ತದೆ. ಮೈಗೆ ಬಿದ್ದ ಸಾದಾ ಒದೆತಕ್ಕೆ ಎರಡು, ತಲೆಗೆ ಮೂರು. ತಿರುಗಿ ಒದ್ದರೆ ಇನ್ನೂ ಹೆಚ್ಚು.

'ಹೊಡೆದೆ, ಪಾಯಿಂಟ್ ಬರಲಿಲ್ಲ' ಎಂಬ ದೂರಿನ ಹಿಂದೆ ಯಂತ್ರಕ್ಕಿಂತ ಹೆಚ್ಚಾಗಿ ಇರುವುದು ತಿರುಚಿಕೊಂಡ ಸಾಕ್ಸ್. ಒಂದು ಸೈಜು ದೊಡ್ಡದು ಹಾಕಿದರೆ ಬೆವರಿದ ಮೇಲೆ ಅದು ಪಾದದ ಸುತ್ತ ಹೊರಳುತ್ತದೆ. ಪಾದದ ಮೇಲಿದ್ದ ಸೆನ್ಸರ್ ಎರಡು ಬೆರಳಷ್ಟು ಪಕ್ಕಕ್ಕೆ ಸರಿದು, ದೊಲ್ಯೊ ಚಾಗಿ ತಗುಲುವ ಜಾಗದಲ್ಲಿ ಬರೀ ಬಟ್ಟೆ ಉಳಿಯುತ್ತದೆ. ಬೆಳೆಯುವ ಮಕ್ಕಳಿಗೂ ಇದೊಂದನ್ನು ಮಾತ್ರ ಅಳತೆಗೆ ಸರಿಯಾಗಿಯೇ ತನ್ನಿ. ಹಾಕುವಾಗ ಮೊದಲು ಹಿಮ್ಮಡಿ ಕೂರಿಸಿ, ಆಮೇಲೆ ಬೆರಳ ಕಡೆ ಎಳೆದು, ಕೊನೆಗೆ ಪಟ್ಟಿ ಬಿಗಿಯಿರಿ. ರೌಂಡುಗಳ ನಡುವಿನ ಒಂದು ನಿಮಿಷದಲ್ಲಿ ನೀರು ಕುಡಿಸುವ ಕೋಚು ಒಮ್ಮೆ ಪಾದದ ಕಡೆಗೂ ನೋಡಲಿ. ಒಗೆಯುವುದು ಕೈಯಲ್ಲಿ, ತಣ್ಣೀರಿನಲ್ಲಿ. ಹಿಂಡಬಾರದು, ಮೆಷಿನ್ ಬೇಡವೇ ಬೇಡ. ಸೆನ್ಸರ್ ಹೊಲಿದ ಜಾಗ ಬಿಚ್ಚಿಕೊಂಡರೆ ರಿಪೇರಿ ಇಲ್ಲ. ಬಾಳಿಕೆಗೆ ಮೂರು ಅಂಕ. ಅಂಗಾಲಿನ ಭಾಗ ಬೇಗ ಸವೆಯುತ್ತದೆ. ಒರಟು ಮ್ಯಾಟಿನ ಮೇಲೆ ದಿನದ ಅಭ್ಯಾಸಕ್ಕೂ ಇದನ್ನೇ ಹಾಕಿದರೆ ಇನ್ನೂ ಬೇಗ.

ಸ್ಪರ್ಧೆಯ ದಿನ

ತೂಕ ಸಾಮಾನ್ಯವಾಗಿ ಹಿಂದಿನ ದಿನ. ದೊಡ್ಡ ಸ್ಪರ್ಧೆಗಳಲ್ಲಿ ಆಡುವ ದಿನ ಬೆಳಿಗ್ಗೆ ಕೆಲವರನ್ನು ಮತ್ತೆ ತೂಗುತ್ತಾರೆ, ಶೇ. 5ಕ್ಕಿಂತ ಹೆಚ್ಚು ಏರಿರಬಾರದು. 58 ಕೆಜಿ ವಿಭಾಗದವರಿಗೆ ಅದು ಮೂರು ಕೆಜಿಯೂ ಆಗುವುದಿಲ್ಲ. ನೀರು ಬಿಟ್ಟು ತೂಕ ಇಳಿಸಿ ರಾತ್ರಿ ಹೊಟ್ಟೆ ಬಿರಿಯೆ ತಿಂದವರು ಸಿಕ್ಕಿಬೀಳುವುದು ಇಲ್ಲೇ.

ಫೈಟು ಎರಡು ನಿಮಿಷದ ಮೂರು ರೌಂಡು, ಎರಡು ಗೆದ್ದವರಿಗೆ ಜಯ. ಗೆರೆ ದಾಟುವುದು, ಬೀಳುವುದು, ಹಿಡಿಯುವುದು ಎಲ್ಲಕ್ಕೂ ಗಾಮ್‌ಜೊಮ್ ಎಂಬ ದಂಡ. ಒಂದಕ್ಕೆ ಎದುರಾಳಿಗೆ ಒಂದು ಪಾಯಿಂಟ್, ಒಂದೇ ರೌಂಡಿನಲ್ಲಿ ಐದಾದರೆ ಆ ರೌಂಡೇ ಹೋಯಿತು. ಪೂಮ್ಸೆಯ ಲೆಕ್ಕ ಬೇರೆ: ಒಟ್ಟು 10ರಲ್ಲಿ ನಿಖರತೆಗೆ 4, ಪ್ರಸ್ತುತಿಗೆ 6. ಚಿಕ್ಕ ತಪ್ಪಿಗೆ 0.1, ದೊಡ್ಡದಕ್ಕೆ 0.3 ಕಡಿತ.

ಹಾಕುವ ಕ್ರಮ ತಪ್ಪಿದರೆ ಹೆಸರು ಕರೆದಾಗ ಎಲ್ಲ ಬಿಚ್ಚಬೇಕಾಗುತ್ತದೆ. ಮೊದಲು ಗ್ರೋಯಿನ್ ಗಾರ್ಡ್, ಆಮೇಲೆ ಶಿನ್ ಗಾರ್ಡ್, ಸಾಕ್ಸ್, ಪ್ಯಾಂಟು, ಮುಂಗೈ ಗಾರ್ಡ್, ಮೇಲಂಗಿ, ಬೆಲ್ಟು, ಹೋಗು, ಗ್ಲೌಸು. ಗ್ಲೌಸು ಹಾಕಿದ ಕೈಯಲ್ಲಿ ಲಾಡಿ ಕಟ್ಟಲಾಗದು, ಹಾಗಾಗಿ ಜೊತೆಗೆ ಒಬ್ಬರು ಇರಲೇಬೇಕು. ಹೆಡ್ ಗಾರ್ಡ್ ಕೊನೆಗೆ. ಬ್ಯಾಗಿನ ಹೊರ ಜೇಬಿನಲ್ಲಿ ಉಗುರು ಕತ್ತರಿ, ಟೇಪು, ಸಾಕ್ಸಿನ ಇನ್ನೊಂದು ಜೋಡಿ, ಮತ್ತೆ ಮೊದಲೇ ಕಚ್ಚಿ ಹದಮಾಡಿದ ಎರಡನೇ ಮೌತ್ ಗಾರ್ಡ್. ಪ್ಯಾಕೆಟ್ ಒಡೆಯದ ಹೊಸದು ಅಲ್ಲಿ ಪ್ರಯೋಜನಕ್ಕೆ ಬಾರದು, ಕ್ರೀಡಾಂಗಣದಲ್ಲಿ ಬಿಸಿನೀರು ಎಲ್ಲಿ ಸಿಗುತ್ತದೆ?