ಕ್ಷೇತ್ರ ಜೀವಶಾಸ್ತ್ರಕ್ಕೆ ಅತಿಥಿ ಉಪನ್ಯಾಸಕರು: ಈ ವ್ಯವಸ್ಥೆ ಎಷ್ಟು ಕೆಲಸಕ್ಕೆ ಬರುತ್ತದೆ?

ಪ್ರಾಣಿಗಳನ್ನು ಕೊಯ್ಯುವ ಪ್ರಯೋಗಗಳನ್ನು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2014ರಲ್ಲಿ ನಿಲ್ಲಿಸಿದ ಮೇಲೆ ಪ್ರಾಣಿಶಾಸ್ತ್ರ ವಿಭಾಗಗಳಲ್ಲಿ ಕ್ಷೇತ್ರಕಾರ್ಯದ ತೂಕ ಹೆಚ್ಚಿದೆ. ಆದರೆ ಕಾಯಂ ಅಧ್ಯಾಪಕರಲ್ಲಿ ಹಲವರ ಪರಿಣತಿ ಪ್ರಯೋಗಾಲಯದ್ದು. ಕೆರೆ ದಂಡೆಗೆ, ಕುರುಚಲು ಕಾಡಿಗೆ ವಿದ್ಯಾರ್ಥಿಗಳನ್ನು ಕರೆದೊಯ್ಯುವ ಕೆಲಸ ಅತಿಥಿ ಉಪನ್ಯಾಸಕರ ಪಾಲಿಗೆ ಬೀಳುತ್ತದೆ. ಈ ವ್ಯವಸ್ಥೆಯನ್ನು ವಿಭಾಗದ ಕಡೆಯಿಂದ ತೂಗಿ ನೋಡಿದರೆ, ತಕ್ಕ ವ್ಯಕ್ತಿ ಸಿಕ್ಕಿ ನೇಮಕದ ಆದೇಶಪತ್ರವೂ ಸರಿಯಿದ್ದಾಗ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಕೊರತೆ ಬಹಳ ಸಲ ವ್ಯಕ್ತಿಯಲ್ಲಲ್ಲ, ಆದೇಶಪತ್ರದಲ್ಲಿರುತ್ತದೆ.

ಮೊದಲು ದುಡ್ಡಿನ ಮಾತು. ಯುಜಿಸಿ 2019ರಲ್ಲಿ ಅತಿಥಿ ಉಪನ್ಯಾಸಕರಿಗೆ ತರಗತಿಗೆ 1500 ರೂಪಾಯಿ, ತಿಂಗಳಿಗೆ ಹೆಚ್ಚೆಂದರೆ 50,000 ರೂಪಾಯಿ ಎಂದು ಗೊತ್ತುಮಾಡಿತು. ಲೆಕ್ಕವೆಲ್ಲ ತರಗತಿಯ ಮೇಲೆ. ಪಕ್ಷಿ ಗಣತಿಯ ಒಂದು ಬೆಳಗನ್ನೇ ತೆಗೆದುಕೊಳ್ಳಿ: ಹಿಂದಿನ ದಿನ ದಾರಿ ನೋಡಿ ಬರಲು ಎರಡು ಗಂಟೆ, ಬೆಳಿಗ್ಗೆ ಆರರಿಂದ ಹತ್ತರವರೆಗೆ ಕ್ಷೇತ್ರದಲ್ಲಿ ನಾಲ್ಕು ಗಂಟೆ, ಆಮೇಲೆ ದತ್ತಾಂಶ ತುಂಬಿಸಿ ತಿದ್ದಲು ಎರಡು ಗಂಟೆ. ವೇಳಾಪಟ್ಟಿಯಲ್ಲಿ ಅದು ಎರಡು ಗಂಟೆಯ ಪ್ರಾಯೋಗಿಕ ತರಗತಿ ಎಂದಷ್ಟೇ ಇದ್ದರೆ ಉಳಿದ ಆರು ಗಂಟೆ ಬಿಟ್ಟಿ ದುಡಿಮೆ. ಇದು ಅನ್ಯಾಯ. ಅಷ್ಟೇ ಅಲ್ಲ, ಪಾಠವನ್ನೂ ಕೆಡಿಸುತ್ತದೆ: ಮುಂಚಿತವಾಗಿ ದಾರಿ ನೋಡುವುದು ಮೊದಲು ನಿಲ್ಲುತ್ತದೆ, ನಂತರ ದತ್ತಾಂಶ ತಿದ್ದುವುದು, ಕೊನೆಗೆ ಕ್ಷೇತ್ರಕ್ಕೆ ಹೋಗುವುದೇ ಸೆಮಿಸ್ಟರಿಗೊಂದು ಪ್ರವಾಸಕ್ಕಿಳಿಯುತ್ತದೆ. ಆದ್ದರಿಂದ ಅರ್ಧ ದಿನದ ಕ್ಷೇತ್ರಕಾರ್ಯಕ್ಕೆ ಎಷ್ಟು ತರಗತಿ ಎಂದು ಲೆಕ್ಕ, ಪ್ರಯಾಣದ ಖರ್ಚು ಯಾರದು, ಮಳೆ ಬಂದು ರದ್ದಾದರೆ ಏನು, ಈ ಮೂರೂ ಆದೇಶದಲ್ಲೇ ಬರೆದಿರಬೇಕು.

ಆಯ್ಕೆಯ ವಿಷಯಕ್ಕೆ ಬಂದರೆ, ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್, ಕೆ-ಸೆಟ್, ಪಿಎಚ್‌ಡಿ ಯಾವುದೂ ಹೊರಾಂಗಣದ ಕೈಚಳಕವನ್ನು ಅಳೆಯುವುದಿಲ್ಲ. ಕರಿಹಲಗೆಯ ಮುಂದೆ ಮಾದರಿ ಪಾಠ ಮಾಡಿಸುವ ಬದಲು ಅಭ್ಯರ್ಥಿಯನ್ನು ಕ್ಯಾಂಪಸ್ಸಿನಲ್ಲೇ ನಲವತ್ತು ನಿಮಿಷ ನಡೆದಾಡಿಸಿ. ಜೊತೆಗೆ ಐದಾರು ವಿದ್ಯಾರ್ಥಿಗಳಿರಲಿ. ಎಷ್ಟು ಹೆಸರು ಹೇಳಿದರು ಎಂದು ಎಣಿಸಬೇಡಿ. ಗುರುತು ಸಿಗದ ಗಿಡವೊಂದು ಎದುರಾದಾಗ ಎಲೆಗಳ ಜೋಡಣೆ, ಹಾಲು ಒಸರುತ್ತದೆಯೇ, ಎಲೆತೊಟ್ಟಿನ ಬುಡದಲ್ಲಿ ಪುಟ್ಟ ಎಲೆಯಂಥ ಪುಚ್ಛಪರ್ಣ ಇದೆಯೇ ಎಂದು ವಿದ್ಯಾರ್ಥಿಗಳಿಂದಲೇ ನೋಡಿಸುತ್ತಾರೋ, ಇಲ್ಲ ಬಾಯಿಗೆ ಬಂದ ಹೆಸರು ಹೇಳಿ ಮುಂದೆ ಹೋಗುತ್ತಾರೋ ಗಮನಿಸಿ. ಫೋನಿನಲ್ಲಿ ಹಕ್ಕಿ, ಗಿಡಗಳನ್ನು ಗುರುತಿಸುವ ಮರ್ಲಿನ್, ಐನ್ಯಾಚುರಲಿಸ್ಟ್ ಆ್ಯಪ್ ತೆರೆದರೆ ತಪ್ಪಿಲ್ಲ; ಅದು ಕೊಟ್ಟ ಹೆಸರನ್ನು ಪರೀಕ್ಷಿಸದೆ ಪುಸ್ತಕಕ್ಕೆ ಬರೆಸಿದರೆ ತಪ್ಪು.

ಇನ್ನೊಂದು ಪರೀಕ್ಷೆ ಹಗ್ಗದ್ದು. ಮರಗಳ ಎಣಿಕೆಗೆ 10×10 ಮೀಟರಿನ ಚೌಕ ಹಾಕಲು ಹೇಳಿ. ನಾಲ್ಕು ಬದಿಯೂ ಹತ್ತು ಮೀಟರ್ ಇದ್ದ ಮಾತ್ರಕ್ಕೆ ಚೌಕ ಆಗುವುದಿಲ್ಲ, ಒಂದು ಕಡೆ ವಾಲಿದರೆ ವಿಸ್ತೀರ್ಣ ಕುಗ್ಗುತ್ತದೆ. ಬಲ್ಲವರು ಎರಡೂ ಕರ್ಣಗಳನ್ನು ಅಳೆದು 14.14 ಮೀಟರ್ ಬಂತೇ ಎಂದು ನೋಡುತ್ತಾರೆ. ನೈಲಾನ್ ಹಗ್ಗ ಒದ್ದೆಯಾದರೆ ಹಿಗ್ಗುವುದರಿಂದ ಮಳೆಗಾಲದಲ್ಲಿ ಅಳತೆ ಟೇಪನ್ನೇ ಎಳೆಯುತ್ತಾರೆ. ಮರದ ಸುತ್ತಳತೆಯನ್ನು 1.37 ಮೀಟರ್ ಎತ್ತರದಲ್ಲಿ, ಇಳಿಜಾರಿನಲ್ಲಾದರೆ ಮೇಲ್ಬದಿಯಲ್ಲಿ ನಿಂತು, ಬುಡದಲ್ಲಿ ಆನಿಕೆ ಬೇರುಗಳಿದ್ದರೆ ಅವುಗಳ ಮೇಲಕ್ಕೆ ಅಳೆಸುತ್ತಾರೆ. ಮುಖ್ಯವಾಗಿ, ಸುತ್ತಳತೆ ಮತ್ತು ವ್ಯಾಸ ಅದಲುಬದಲಾಗದಂತೆ ಕಾಯುತ್ತಾರೆ. ಸುತ್ತಳತೆಯನ್ನು ವ್ಯಾಸವೆಂದು ಸೂತ್ರಕ್ಕೆ ಹಾಕಿದರೆ ಕಾಂಡದ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು ಹತ್ತು ಪಟ್ಟು ಹಿಗ್ಗುತ್ತದೆ. ವಿದ್ಯಾರ್ಥಿಗಳ ದಾಖಲೆ ಪುಸ್ತಕಗಳಲ್ಲಿ ಸುಲಭವಾಗಿ ನುಸುಳುವ ತಪ್ಪು ಇದು. ಪರೀಕ್ಷಕರ ಕಣ್ಣಿಗೂ ಬೀಳದೆ ಹೋಗಬಹುದು.

ಒಬ್ಬರ ಕೈಗೆ ಮೂವತ್ತು ವಿದ್ಯಾರ್ಥಿಗಳನ್ನು ಕೊಟ್ಟು ಹಕ್ಕಿ ತೋರಿಸಿ ಎಂದರೆ ಹಿಂದಿನ ಇಪ್ಪತ್ತು ಮಂದಿಗೆ ಕಾಣುವುದು ಮುಂದಿನವರ ಬೆನ್ನು. ಹತ್ತರ ತಂಡ ಮಾಡಿ, ಸರದಿಯಲ್ಲಿ ಕಳಿಸಿ. ದುರ್ಬೀನು 8×42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮಸೂರದ್ದು) ಸಾಕು: 10 ಪಟ್ಟಿನದರಲ್ಲಿ ಕೈನಡುಕವೂ ದೊಡ್ಡದಾಗಿ ಕಾಣುತ್ತದೆ, ಮುಂಜಾವಿನ ಮಬ್ಬಿನಲ್ಲಿ ಬೆಳಕೂ ಕಡಿಮೆ. ಜಾಗಕ್ಕಾಗಿ ದೂರ ಹೋಗಬೇಕಿಲ್ಲ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯವರಿಗೆ ಕುಕ್ಕರಹಳ್ಳಿ ಕೆರೆ ನಡೆದು ಹೋಗುವಷ್ಟು ಹತ್ತಿರ; ಹೆಜ್ಜಾರ್ಲೆ, ನೀರುಕಾಗೆಗಳನ್ನು ವಾರವಾರ ಎಣಿಸಿದರೆ ದೂರದ ಅಭಯಾರಣ್ಯದ ಒಂದು ದಿನದ ಪ್ರವಾಸಕ್ಕಿಂತ ಹೆಚ್ಚು ಕಲಿಯಬಹುದು. ಅಭಯಾರಣ್ಯದೊಳಗೆ ಅಧ್ಯಯನಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅರಣ್ಯ ಇಲಾಖೆಯ ಅನುಮತಿ ಬೇಕು. ಆ ಅರ್ಜಿ ವಿಭಾಗದ ಮುಖ್ಯಸ್ಥರ ಸಹಿಯಲ್ಲಿ ಹೋಗಬೇಕೇ ಹೊರತು ಅತಿಥಿ ಉಪನ್ಯಾಸಕರ ಸ್ವಂತ ಹೆಸರಿನಲ್ಲಲ್ಲ. ಹೊಣೆ ಸಂಸ್ಥೆಯದು.

ಸುರಕ್ಷತೆಯ ಹೊಣೆಯೂ ಅಷ್ಟೇ. ಹಾವು ಕಡಿತಕ್ಕೆ ಪ್ರತಿವಿಷ ಇರುವ ಹತ್ತಿರದ ಆಸ್ಪತ್ರೆ ಯಾವುದು ಎಂದು ಹೊರಡುವ ಮುಂಚೆಯೇ ಫೋನ್ ಮಾಡಿ ಖಚಿತಪಡಿಸಿಕೊಂಡಿರಬೇಕು. ಕಡಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಬೇಡ, ಕೈಕಾಲು ಅಲುಗಿಸದೆ ಆಸ್ಪತ್ರೆಗೆ ಒಯ್ಯಬೇಕು. ಮಲೆನಾಡಿನಲ್ಲಿ ಇನ್ನೊಂದು ಎಚ್ಚರ ಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣುಗುಗಳಿಂದ ಹರಡುತ್ತದೆ, ಡಿಸೆಂಬರಿನಿಂದ ಮೇವರೆಗೆ ಹೆಚ್ಚು. ಆ ತಿಂಗಳುಗಳಲ್ಲಿ ತರಗೆಲೆಯ ಮೇಲೆ ಕೂರಿಸಿ ಟಿಪ್ಪಣಿ ಬರೆಸುವುದು ಬೇಡವೇ ಬೇಡ. ಉದ್ದ ತೋಳು, ಪ್ಯಾಂಟಿನ ತುದಿ ಕಾಲುಚೀಲದೊಳಗೆ, ಉಣುಗು ಹತ್ತದಂತೆ ಹಚ್ಚುವ ಡೆಪಾ ತೈಲ, ಮನೆಗೆ ಹೋದೊಡನೆ ಬಿಸಿನೀರಿನ ಸ್ನಾನ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

ಪದವಿಯಿಲ್ಲದಿದ್ದರೂ ಕಾಡು ಬಲ್ಲವರಿಗೆ 2022ರಲ್ಲಿ ಯುಜಿಸಿ ತೆರೆದ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಎಂಬ ದಾರಿಯೂ ಇದೆ. ಕನಿಷ್ಠ 15 ವರ್ಷದ ಅನುಭವ ಬೇಕು, ಅರೆಕಾಲಿಕವಾಗಿಯೂ ನೇಮಿಸಬಹುದು. ನಿವೃತ್ತ ಅರಣ್ಯಾಧಿಕಾರಿಗಳನ್ನೂ ಹಿರಿಯ ಪ್ರಕೃತಿತಜ್ಞರನ್ನೂ ಈ ಬಾಗಿಲಿನಿಂದ ಕರೆತರಬಹುದು, ಆದರೆ ಬಹಳ ವಿಭಾಗಗಳು ಇದರತ್ತ ತಿರುಗಿಯೂ ನೋಡುತ್ತಿಲ್ಲ.

ದೊಡ್ಡ ನಷ್ಟ ತಡವಾದ ನೇಮಕದಿಂದ. ಕಪ್ಪೆಗಳ ಕೂಗು ಕೇಳಿಸಲು ಜೂನ್, ಜುಲೈ ರಾತ್ರಿಗಳು ಬೇಕು. ಆದೇಶ ಕೈಗೆ ಬರುವಷ್ಟರಲ್ಲಿ ಮಳೆ ಹಿಂದೆ ಸರಿದಿದ್ದರೆ ಪಾಠಪಟ್ಟಿಯ ಉಭಯವಾಸಿಗಳ ಭಾಗ ಚಿತ್ರಗಳಲ್ಲೇ ಮುಗಿಯುತ್ತದೆ. ಆಯ್ಕೆಯನ್ನು ಮೇ ಒಳಗೆ ಮುಗಿಸಿ. ಸೆಮಿಸ್ಟರ್ ಮುಗಿದು ಅತಿಥಿ ಉಪನ್ಯಾಸಕರು ಹೋಗುವ ಮುನ್ನ ಮೂಲ ಕ್ಷೇತ್ರಪುಸ್ತಕಗಳು, ಜಿಪಿಎಸ್ ಬಿಂದುಗಳು, ದತ್ತಾಂಶದ ಕಡತ ಮೂರನ್ನೂ ವಿಭಾಗದ ಖಾತೆಗೆ ಪಡೆದುಕೊಳ್ಳಿ, ಸಂಗ್ರಹಿಸಿದವರ ಹೆಸರನ್ನು ಅದರಲ್ಲಿ ಉಳಿಸಿ.