ತರಕಾರಿಗೆ ಏರುಮಡಿ ಕಟ್ಟಿಸಿದೆವು: ಕಟ್ಟಿದ್ದು ಚೆನ್ನಾಗಿದೆ, ತುಂಬಿದ್ದು ಸರಿಯಿಲ್ಲ

ಮನೆಗೇ ಬಂದು ಏರುಮಡಿ, ಅಂದರೆ ನೆಲದಿಂದ ಎತ್ತರಿಸಿದ ಪಾತಿ, ಕಟ್ಟಿ, ಮಣ್ಣು ತುಂಬಿ ಕೊಡುವವರು ಮೈಸೂರಿನಲ್ಲಿ ಈಗ ಇದ್ದಾರೆ. ಬೋಗಾದಿ ಕಡೆಯ ನಮ್ಮ ಮನೆಗೆ ಅಂಥವರೊಬ್ಬರಿಂದ ಎರಡು ಮಡಿ ಮಾಡಿಸಿದೆವು. ಹೆಸರು ಬೇಡ. ಯಾರಿಂದ ಮಾಡಿಸಿದರೂ ನೋಡಬೇಕಾದ್ದು ಇವೇ.

ಕಟ್ಟುವ ಕೆಲಸಕ್ಕೆ ಹೆಸರಿಡುವ ಹಾಗಿಲ್ಲ. ದೊಡ್ಡ ಮಡಿ 8 ಅಡಿ ಉದ್ದ, 4 ಅಡಿ ಅಗಲ, ಒಂದೂವರೆ ಅಡಿ ಎತ್ತರ, ಸಿಮೆಂಟ್ ಬ್ಲಾಕಿನದು. ಅದಕ್ಕಿಂತ ಅಗಲ ಮಾಡಿದರೆ ನಡುವಿನ ಗಿಡಕ್ಕೆ ಕೈ ಎಟುಕುವುದಿಲ್ಲ, ಒಳಗೆ ಕಾಲಿಟ್ಟರೆ ಮಣ್ಣು ಗಟ್ಟಿಯಾಗುತ್ತದೆ ಅಂತ ಮೇಸ್ತ್ರಿಯೇ ಹೇಳಿದರು. ಕಾಂಪೌಂಡ್ ಪಕ್ಕದ ಮಡಿಗೆ ಒಂದೇ ಕಡೆಯಿಂದ ಕೈ ಹಾಕಬೇಕಲ್ಲ, ಅದನ್ನು 2 ಅಡಿಗೆ ನಿಲ್ಲಿಸಿ, ಗೋಡೆಗೆ ತೇವ ಹತ್ತದ ಹಾಗೆ ಸಂದು ಬಿಟ್ಟರು. ಮರದ ಹಲಗೆಗೆ ಗೆದ್ದಲು ಹಿಡಿಯುತ್ತದೆ, ಬೇಡ ಅಂದರು. ನನಗೆ ತುಂಬಾ ಹಿಡಿಸಿದ್ದು ತಳದ ಕೆಲಸ. ಪ್ಲಾಸ್ಟಿಕ್ ಹಾಸಲಿಲ್ಲ. ಗರಿಕೆಯನ್ನು ಬೇರು ಸಮೇತ ಕಿತ್ತು, ನೆಲ ಅಗೆದು ಸಡಿಲ ಮಾಡಿ, ಮೇಲೆ ರಟ್ಟು ಹಾಸಿದರು. ನೀರು ಬಸಿಯಲಿ ಅಂತ ಎಷ್ಟೋ ಜನ ತಳಕ್ಕೆ ಜಲ್ಲಿ ಸುರಿಸುತ್ತಾರೆ. ಆದರೆ ಸಣ್ಣ ಕಣದ ಮಣ್ಣು ಹಿಡಿದ ನೀರು ಜಲ್ಲಿಯ ದೊಡ್ಡ ಸಂದಿಗೆ ಸುಲಭವಾಗಿ ಇಳಿಯುವುದಿಲ್ಲ, ಜಲ್ಲಿಯ ಮೇಲೇ ನಿಲ್ಲುತ್ತದೆ, ಬೇರಿಗೆ ಸಿಗಬೇಕಾದ ಆಳವೂ ಸುಮ್ನೆ ಹೋಗುತ್ತದೆ. ಇವರು ಜಲ್ಲಿ ತರಲೇ ಇಲ್ಲ.

ಬೇಜಾರಾಗಿದ್ದು ತುಂಬುವಾಗ. ರೇಟ್ ಹೇಳಿದ್ದು ಮಡಿಗೆ ಇಷ್ಟು ಅಂತ. ಅದರಲ್ಲಿ ಮಣ್ಣೆಷ್ಟು, ಗೊಬ್ಬರವೆಷ್ಟು ಅಂತ ಬರೆದು ಕೊಡಲಿಲ್ಲ. ತುಂಬಿದ್ದರಲ್ಲಿ ಕೊಕೊಪೀಟೇ (ತೆಂಗಿನ ನಾರಿನ ಪುಡಿ) ಜಾಸ್ತಿ. ಅದು ನೀರು ಹಿಡಿಯುತ್ತದೆ, ಹಗುರ, ಸಾಗಿಸಲು ಸುಲಭ, ಆದರೆ ಗಿಡಕ್ಕೆ ಊಟ ಅದರಲ್ಲಿ ಇಲ್ಲ ಅಂತಲೇ ಹೇಳಬೇಕು, ಸರಿಯಾಗಿ ತೊಳೆಯದೆ ಇದ್ದರೆ ಉಪ್ಪಿನಂಶ ಬೇರೆ. ಟೊಮೆಟೊ ಎಲೆ ಹಳದಿಯಾಯಿತು. ಮಳೆಗಾಲ ಮುಗಿಯುವಷ್ಟರಲ್ಲಿ ಮಡಿ ಅರ್ಧ ಗೇಣು ಇಳಿಯಿತು. ಗೊಬ್ಬರ ಕೊಳೆಯುತ್ತಾ ಸ್ವಲ್ಪ ಇಳಿಯುವುದು ಸಹಜ, ಒಪ್ಪುತ್ತೇನೆ. ಆದರೆ ಮತ್ತೆ ತುಂಬಲು ಮತ್ತೆ ದುಡ್ಡು ಕೇಳಿದ್ದು ನ್ಯಾಯವಲ್ಲ, ಅಲ್ವಾ?

ಹಾಗಾಗಿ ಕಟ್ಟಲು ಅವರನ್ನು ಧಾರಾಳವಾಗಿ ಕರೆಯಿರಿ, ತುಂಬುವುದಕ್ಕೆ ಅಳತೆ ಹಿಡಿದು ನಿಲ್ಲಿ. 8, 4, ಒಂದೂವರೆ ಗುಣಿಸಿದರೆ 48 ಘನ ಅಡಿ. 50 ಕೆಜಿ ಸಿಮೆಂಟಿನ ಖಾಲಿ ಚೀಲ ಸುಮಾರು 1.25 ಘನ ಅಡಿ ಮಣ್ಣು ಹಿಡಿಯುತ್ತದೆ, ಅಂದರೆ 38 ಚೀಲಕ್ಕಿಂತ ಸ್ವಲ್ಪ ಜಾಸ್ತಿ ಬೇಕು. ಕಣ್ಣೆದುರೇ ಎಣಿಸಬಹುದು. ಅರ್ಧ ಕೆಂಪು ಮಣ್ಣು, ಉಳಿದರ್ಧದಲ್ಲಿ ಬಹುಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಎರೆಗೊಬ್ಬರ, ಕೊಕೊಪೀಟ್ ಸ್ವಲ್ಪವೇ, ಮೇಲೆ ಒಂದಿಷ್ಟು ಬೇವಿನ ಹಿಂಡಿ. ಹಸಿ ಸಗಣಿ ಬೇಡ. ಟ್ರ್ಯಾಕ್ಟರ್ ಇಳಿಸುವ ಮೊದಲು ಮಣ್ಣನ್ನು ಕೈಯಲ್ಲಿ ಹಿಡಿದು ನೋಡಿ, ಹೊಸ ಬಡಾವಣೆಗಳಲ್ಲಿ ಪಾಯ ತೆಗೆದ ಮಣ್ಣು ಬಂದರೆ ಸಿಮೆಂಟ್ ಚೂರು, ಗಾರೆ ಎಲ್ಲ ಸೇರಿರುತ್ತದೆ.

ನಾವು ಇದೇ ಅಳತೆಯಲ್ಲಿ ಮತ್ತೆ ತುಂಬಿಸಿದ ಮೇಲೆ ಈರನಗೆರೆ ಬದನೆ ಚೆನ್ನಾಗಿ ಹಿಡಿದಿದೆ, ದಂಟಿನ ಸೊಪ್ಪಂತೂ ಕೊಯ್ದಷ್ಟೂ ಬರುತ್ತಿದೆ. ಬಿಸಿಲಿಗೆ ಮಣ್ಣು ಒಣಗದಿರಲಿ ಅಂತ ಮಂಡ್ಯದ ನೆಂಟರ ಗದ್ದೆಯಿಂದ ಕಬ್ಬಿನ ತರಗು ತರಿಸಿ ಗಿಡದ ಬುಡಕ್ಕೆ ಹೊದಿಸಿದ್ದೇವೆ.