ಬ್ಯಾಂಕ್ ಹರಾಜಿನ ಫ್ಲಾಟ್: ಬಿಡ್ ಹಾಕುವ ಮುಂಚೆ ಹೋಗಿ ಬಾಗಿಲು ತಟ್ಟಿ

ಪತ್ರಿಕೆಯಲ್ಲಿ ಬಂದಿದ್ದ ಹರಾಜು ಪ್ರಕಟಣೆಯ ಕಟಿಂಗ್ ಇನ್ನೂ ನನ್ನ ಫೈಲಿನಲ್ಲಿದೆ. ಅರ್ಧ ಪುಟದ ತುಂಬಾ ಇರುವೆ ಸಾಲಿನಂಥ ಅಕ್ಷರ. ಸಾಲಗಾರರ ಹೆಸರು, ಬಾಕಿ ಎಷ್ಟು, ಚಕ್ಕುಬಂದಿ, ಮೀಸಲು ಬೆಲೆ (ಬಿಡ್ ಶುರುವಾಗುವ ಕನಿಷ್ಠ ಬೆಲೆ), ಮುಂಗಡ ಠೇವಣಿ. ಕೊನೇ ಕಾಲಮ್ಮಿನಲ್ಲಿ ಎರಡೇ ಪದ: ‘ಸಾಂಕೇತಿಕ ಸ್ವಾಧೀನ’. ನಾನು ಬೆಲೆಯನ್ನು ಹತ್ತು ಸಲ ಓದಿದೆ. ಈ ಎರಡು ಪದದ ಮೇಲೆ ಕಣ್ಣು ಹಾಯಿಸಿ ಮುಂದೆ ಹೋದೆ. ದುಡ್ಡು ಪೂರ್ತಿ ಕಟ್ಟಿದ ಮೇಲೂ ಬೀಗದ ಕೈ ಸಿಗಲು ನಾನು 22 ತಿಂಗಳು ಕಾದಿದ್ದು ಈ ಎರಡು ಪದದಿಂದಲೇ.

ಇದು 2022ರ ಕಥೆ. ನಾವು ಆಗ ಪದ್ಮನಾಭನಗರದಲ್ಲಿ ಬಾಡಿಗೆಗಿದ್ದೆವು. ಒಂದೂವರೆ ವರ್ಷದಿಂದ ಮನೆ ಹುಡುಕಿ ಸುಸ್ತಾಗಿತ್ತು. ಆಗ ಆಫೀಸಿನ ಗೆಳೆಯನೊಬ್ಬ ಈ ಪ್ರಕಟಣೆಯ ಫೋಟೋ ಕಳಿಸಿದ. ಕನಕಪುರ ರಸ್ತೆ ಕಡೆ ಎರಡು ಬೆಡ್‌ರೂಮಿನ ಫ್ಲಾಟ್. ಅದೇ ಬಿಲ್ಡಿಂಗಿನಲ್ಲಿ ಬೇರೆ ಫ್ಲಾಟುಗಳು 68 ಲಕ್ಷಕ್ಕೆ ಹೋಗುತ್ತಿದ್ದವು. ಇಲ್ಲಿ ಮೀಸಲು ಬೆಲೆ 49 ಲಕ್ಷ. ನನ್ನ ಹೆಂಡತಿ ಒಂದೇ ಪ್ರಶ್ನೆ ಕೇಳಿದಳು: ‘ಇಷ್ಟು ಕಮ್ಮಿಗೆ ಯಾಕೆ ಕೊಡ್ತಾರೆ?’ ಬ್ಯಾಂಕಿಗೆ ಅದರ ಸಾಲ ವಾಪಸ್ ಬಂದರೆ ಸಾಕು, ಲಾಭ ಬೇಕಿಲ್ಲ ಅಂತ ಎಲ್ಲ ಗೊತ್ತಿರುವವನ ಹಾಗೆ ಹೇಳಿದೆ. ಅವಳ ಪ್ರಶ್ನೆಗೆ ಸರಿಯಾದ ಉತ್ತರ ಆಮೇಲೆ ತಿಳಿಯಿತು. ಒಳಗೆ ಜನ ಇದ್ದರು, ಅದಕ್ಕೇ ಕಮ್ಮಿ.

ಹರಾಜು ನಡೆಯುವುದು 2002ರ ಸರ್ಫೇಸಿ ಕಾಯ್ದೆಯ ಅಡಿಯಲ್ಲಿ. ಅಡವಿಟ್ಟ ಆಸ್ತಿ ಮಾರಿ ಸಾಲ ವಸೂಲಿ ಮಾಡಲು ಬ್ಯಾಂಕಿಗೆ ಅಧಿಕಾರ ಕೊಡುವ ಕಾಯ್ದೆ ಅದು. ಸಾಲದ ಕಂತು 90 ದಿನ ಕಟ್ಟದಿದ್ದರೆ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ, ಆಗುತ್ತದೆ. ಬ್ಯಾಂಕು 60 ದಿನದ ನೋಟಿಸ್ ಕೊಡುತ್ತದೆ. ಆಗಲೂ ದುಡ್ಡು ಬರಲಿಲ್ಲ ಅಂದರೆ ‘ಸ್ವಾಧೀನ’ ತಗೊಳ್ಳುತ್ತದೆ. ಸ್ವಾಧೀನ ಅಂದರೆ ಬೀಗ ಜಡಿಯುತ್ತಾರೆ ಅಂತ ನಾನು ತಿಳಿದಿದ್ದೆ. ಹಾಗಲ್ಲ. ಬಾಗಿಲಿಗೆ ಒಂದು ನೋಟಿಸ್ ಅಂಟಿಸಿ, ಎರಡು ಪತ್ರಿಕೆಯಲ್ಲಿ ಹಾಕಿಸಿದರೆ ಸಾಂಕೇತಿಕ ಸ್ವಾಧೀನ ಆಯಿತು. ಒಳಗಿರುವವರು ಒಳಗೇ ಇರುತ್ತಾರೆ, ಅವರ ಕುಕ್ಕರ್ ಕೂಗುತ್ತಲೇ ಇರುತ್ತದೆ. ಜನರನ್ನು ಹೊರಗೆ ಕಳಿಸಿ ಬೀಗ ಹಾಕುವುದು ಭೌತಿಕ ಸ್ವಾಧೀನ. ಅವರು ತಾವಾಗಿ ಬಿಡದಿದ್ದರೆ ಬ್ಯಾಂಕು 14ನೇ ಸೆಕ್ಷನ್ ಕೆಳಗೆ ಮ್ಯಾಜಿಸ್ಟ್ರೇಟರ ಹತ್ತಿರ ಹೋಗಬೇಕು. ಆಗ ಬೆಂಗಳೂರಿನಲ್ಲಿ ಅದು ಚೀಫ್ ಮೆಟ್ರೊಪಾಲಿಟನ್ ಮ್ಯಾಜಿಸ್ಟ್ರೇಟ್ ಆಗಿತ್ತು, ಜಿಲ್ಲೆಗಳಲ್ಲಾದರೆ ಜಿಲ್ಲಾಧಿಕಾರಿ. ಇದಕ್ಕೆ ಸಮಯ ಹಿಡಿಯುತ್ತದೆ. ಹಾಗಾಗಿ ಎಷ್ಟೋ ಸಲ ಆ ತಲೆನೋವು ಮುಗಿಯುವ ಮುಂಚೆಯೇ ಹರಾಜು ಹಾಕುತ್ತಾರೆ. ತಲೆನೋವು ಕೊಂಡವನಿಗೆ ವರ್ಗಾವಣೆ ಆಗುತ್ತದೆ.

ಮನೆ ನೋಡಲು ಅಂತ ಒಂದು ದಿನ ಕೊಟ್ಟಿದ್ದರು. ಹೋದೆ. ಬ್ಯಾಂಕಿನ ಕಡೆಯಿಂದ ಬಂದಿದ್ದ ಹುಡುಗ ಗೇಟಿನ ಹತ್ತಿರ ನಿಂತು ಬೆರಳು ತೋರಿಸಿದ: ‘ಅದೇ ಸರ್, ಸೆಕೆಂಡ್ ಫ್ಲೋರ್.’ ಒಳಗೆ ಹೋಗಬಹುದಾ ಅಂದೆ. ‘ಯಾರೋ ಬಾಡಿಗೆಯವರಿದ್ದಾರೆ ಸರ್, ಹರಾಜಾದ ಮೇಲೆ ಖಾಲಿ ಮಾಡ್ತಾರೆ.’ ಬಾಲ್ಕನಿಯಲ್ಲಿ ಬಟ್ಟೆ ಒಣಗಲು ಹಾಕಿದ್ದರು. ಒಂದು ತುಳಸಿ ಕುಂಡ ಇತ್ತು. ಪರವಾಗಿಲ್ಲ, ಮನೆ ಚೆನ್ನಾಗಿ ಇಟ್ಟುಕೊಂಡಿದ್ದಾರೆ ಅಂತ ನಾನು ಖುಷಿಪಟ್ಟೆ! ಎರಡು ಮಹಡಿ ಹತ್ತಿ ಬೆಲ್ ಒತ್ತಿದ್ದರೆ ಈ ಬರಹ ಬರೆಯುವ ಅಗತ್ಯ ಇರುತ್ತಿರಲಿಲ್ಲ. ಬೇರೆಯವರ ಮನೆ ಬಾಗಿಲು ತಟ್ಟಿ ‘ನಿಮ್ಮ ಮನೆ ಹರಾಜಿಗಿದೆಯಂತೆ’ ಅನ್ನುವುದು ಹೇಗೆ ಅಂತ ಸಂಕೋಚ. ಆ ಸಂಕೋಚ ಬಹಳ ದುಬಾರಿಯಾಯಿತು.

ನವೆಂಬರಿನಲ್ಲಿ ಇ-ಹರಾಜು. ನಾನು ಮತ್ತು ಇನ್ನೊಬ್ಬರು, ಇಬ್ಬರೇ. ಆ ಕಡೆಯವರು ಬೇಗ ಕೈಬಿಟ್ಟರು. 51.5 ಲಕ್ಷಕ್ಕೆ ನನಗೆ ಆಯಿತು. ಅವರಿಗೆ ಏನೋ ಗೊತ್ತಿತ್ತು ಅಂತ ಈಗ ಅನಿಸುತ್ತದೆ.

ಅಲ್ಲಿಂದ ಓಟ ಶುರು. ನಿಯಮದ ಪ್ರಕಾರ ಬೆಲೆಯ ಶೇ. 25 ಅದೇ ದಿನ ಇಲ್ಲವೇ ಮಾರನೇ ಕೆಲಸದ ದಿನ ಕಟ್ಟಬೇಕು. ಮುಂಗಡ ಠೇವಣಿಯಾಗಿ ಮೊದಲೇ ಇಟ್ಟಿದ್ದ 4.9 ಲಕ್ಷ ಕಳೆದು ಸುಮಾರು 8 ಲಕ್ಷ ಕಟ್ಟಿದೆ. ಉಳಿದ ಶೇ. 75, ಅಂದರೆ 38 ಲಕ್ಷಕ್ಕೂ ಜಾಸ್ತಿ, ಹರಾಜು ಖಾಯಂ ಆದ 15 ದಿನದೊಳಗೆ. ಬ್ಯಾಂಕು ಬರವಣಿಗೆಯಲ್ಲಿ ಒಪ್ಪಿದರೆ ಮೂರು ತಿಂಗಳವರೆಗೆ ಸಮಯ ಸಿಗಬಹುದು, ಆದರೆ ಕೊಡಲೇಬೇಕು ಅಂತೇನಿಲ್ಲ. ನನಗೆ ಕೊಡಲಿಲ್ಲ. ಹೋಮ್ ಲೋನ್ ಸಿಗುತ್ತದೆ ಅಂತ ಧೈರ್ಯ ಮಾಡಿದ್ದೆ. ಮೂರು ಕಡೆ ಕೇಳಿದೆ. ಮೂರೂ ಕಡೆ ಒಂದೇ ಮಾತು: ‘ಸ್ವಾಧೀನ ಸಾಂಕೇತಿಕ ಇದೆ, ಆಗಲ್ಲ.’ ತಮಾಷೆ ನೋಡಿ, ಬ್ಯಾಂಕಿನವರು ಮಾರುವ ಮನೆಗೆ ಬ್ಯಾಂಕಿನವರೇ ಸಾಲ ಕೊಡುವುದಿಲ್ಲ.

ಕಟ್ಟದಿದ್ದರೆ ಕಟ್ಟಿದ್ದಷ್ಟೂ ಹೋಗುತ್ತದೆ. ಪೂರ್ತಿ ಶೇ. 25. ಬ್ಯಾಂಕಿಗೆ ಎಷ್ಟು ನಷ್ಟವಾಯಿತು ಅನ್ನುವ ಲೆಕ್ಕವೂ ಇಲ್ಲಿ ನಡೆಯುವುದಿಲ್ಲ. ಆ ಮುಟ್ಟುಗೋಲು ಸರಿ ಅಂತ 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಪ್ರಕರಣದಲ್ಲಿ ಹೇಳಿದೆ. ನಾನು ತುಮಕೂರಿನ ಸೈಟನ್ನು ಸಿಕ್ಕಿದ ಬೆಲೆಗೆ ಕೊಟ್ಟೆ. ಪಿಎಫ್ ತೆಗೆದೆ. ಹೆಂಡತಿಯ ಬಳೆ ಅಡವಿಟ್ಟೆವು. ಉಳಿದಿದ್ದಕ್ಕೆ ಪರ್ಸನಲ್ ಲೋನ್. ಹದಿನಾಲ್ಕನೇ ದಿನ ಸಂಜೆ ದುಡ್ಡು ಹೋಯಿತು. ಜನವರಿಯಲ್ಲಿ ಮಾರಾಟ ಪ್ರಮಾಣಪತ್ರ ಸಿಕ್ಕಿತು. ನೋಂದಣಿಯೂ ಆಯಿತು.

ಒಂದು ಭಾನುವಾರ ಮೈಸೂರು ಪಾಕಿನ ಡಬ್ಬ ಹಿಡಿದು ನಮ್ಮ ಮನೆ ನೋಡಲು ಹೋದೆವು. ಬಾಗಿಲು ತೆಗೆದಿದ್ದು ವಯಸ್ಸಾದ ಒಬ್ಬ ಅಮ್ಮ. ಹಿಂದೆ ಸ್ಕೂಲ್ ಯೂನಿಫಾರ್ಮಿನಲ್ಲಿ ಒಬ್ಬ ಹುಡುಗಿಯ ಫೋಟೋ. ಅವರ ಮಗ ಬಂದು ಒಂದು ಕಾಗದ ತೋರಿಸಿದರು. ಅವರು ಬಾಡಿಗೆಯವರಲ್ಲ, ಲೀಸಿನವರು. ಶಾಲೆಯ ವ್ಯಾನ್ ಓಡಿಸುವ ಮನುಷ್ಯ. ಊರಿನ ಜಮೀನು ಮಾರಿ 14 ಲಕ್ಷ ಒಟ್ಟಿಗೆ ಕೊಟ್ಟು ಮೂರು ವರ್ಷಕ್ಕೆ ಬಂದಿದ್ದರು. ಬಿಡುವಾಗ ಪೂರ್ತಿ ದುಡ್ಡು ವಾಪಸ್, ತಿಂಗಳ ಬಾಡಿಗೆ ಇಲ್ಲ. ಬೆಂಗಳೂರಿನವರಿಗೆ ಈ ಲೆಕ್ಕ ಹೊಸದಲ್ಲ. ಕರಾರು ಛಾಪಾ ಕಾಗದದ ಮೇಲೆ, ನೋಟರಿ ಸೀಲು, ರಿಜಿಸ್ಟರ್ ಆಗಿರಲಿಲ್ಲ. ತಾರೀಖು ನೋಡಿ ನನಗೆ ಮೈ ಉರಿಯಿತು. ಬ್ಯಾಂಕಿನ 60 ದಿನದ ನೋಟಿಸ್ ಬಂದ ನಾಲ್ಕು ತಿಂಗಳ ಮೇಲೆ ಮಾಡಿದ್ದ ಕರಾರು ಅದು. ಆ ನೋಟಿಸ್ ಬಂದ ಮೇಲೆ ಬ್ಯಾಂಕಿನ ಒಪ್ಪಿಗೆ ಇಲ್ಲದೆ ಆಸ್ತಿಯನ್ನು ಲೀಸಿಗೆ ಕೊಡುವ ಹಾಗಿಲ್ಲ. ಮಾಲೀಕನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೇ ಇವರ ಹತ್ತಿರ ದುಡ್ಡು ತಗೊಂಡು ಫೋನ್ ಸ್ವಿಚ್ ಆಫ್ ಮಾಡಿದ್ದ.

‘ನನ್ನ ದುಡ್ಡು ಕೊಡಿ ಸರ್, ನಾಳೆನೇ ಹೋಗ್ತೀನಿ’ ಎಂದರು. ನಾನು ಏನು ಹೇಳಲಿ? ಕಾನೂನು ನನ್ನ ಕಡೆ ಇತ್ತು. ಮೈಸೂರು ಪಾಕು ಅಲ್ಲೇ ಟೇಬಲ್ ಮೇಲೆ ಬಿಟ್ಟು ಬಂದೆವು.

ಬ್ಯಾಂಕಿಗೆ ಹೋದರೆ ಪ್ರಕಟಣೆಯ ಇನ್ನೊಂದು ಸಾಲು ತೋರಿಸಿದರು: ‘ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ, ಏನಿದೆಯೋ ಅದು.’ ಕೇಳಲು ದೇವರನಾಮದ ಹಾಗಿದೆ, ಅಲ್ವಾ? ಅರ್ಥ ಇಷ್ಟೇ: ಆಮೇಲೆ ನಮ್ಮನ್ನು ಕೇಳಬೇಡಿ. ಹಾಗಂತ ಸುಮ್ಮನಿರಬೇಡಿ. ಮಾರಿದ ಮೇಲೂ ಸ್ವಾಧೀನಕ್ಕೆ ಅರ್ಜಿ ಹಾಕಿ ಅಂತ ಬ್ಯಾಂಕಿಗೆ ಬರವಣಿಗೆಯಲ್ಲಿ ಕೇಳಬಹುದು. ನಾನು ಆರು ಪತ್ರ ಬರೆದ ಮೇಲೆ ಹಾಕಿದರು.

ಅಷ್ಟರಲ್ಲಿ ಫೋನ್ ಸ್ವಿಚ್ ಆಫ್ ಮಾಡಿದ್ದ ಮಾಲೀಕ ಎದ್ದು ಬಂದ. ಸಾಲ ವಸೂಲಿ ನ್ಯಾಯಮಂಡಳಿಯಲ್ಲಿ ಅರ್ಜಿ ಹಾಕಿ, ಬೆಲೆ ಕಟ್ಟಿದ್ದೇ ತಪ್ಪು, ನೋಟಿಸ್ ಸರಿಯಾಗಿ ತಲುಪಿಲ್ಲ, ನಾನು ಪೂರ್ತಿ ಬಾಕಿ ಕಟ್ಟಿ ಬಿಡಿಸಿಕೊಳ್ಳುತ್ತೇನೆ ಅಂದ. ತಡೆಯಾಜ್ಞೆ ಬಂತು. ವಕೀಲರು, ದಿನಾಂಕ, ಮತ್ತೆ ದಿನಾಂಕ. ನನ್ನ ಎದೆ ಹೊಡೆದುಕೊಂಡಿದ್ದು ಬಿಡಿಸಿಕೊಳ್ಳುತ್ತೇನೆ ಅನ್ನುವ ಮಾತಿಗೆ. 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಬೇರೊಂದು ಪ್ರಕರಣದಲ್ಲಿ, ಹರಾಜಿನ ಪ್ರಕಟಣೆ ಹೊರಬಿದ್ದ ಮೇಲೆ ಸಾಲಗಾರನಿಗೆ ಬಿಡಿಸಿಕೊಳ್ಳುವ ಹಕ್ಕು ಇರುವುದಿಲ್ಲ ಎಂದಿತು. ವಕೀಲರು ಅದರ ಪ್ರತಿ ಕಳಿಸಿದ ರಾತ್ರಿ ಸ್ವಲ್ಪ ನಿದ್ದೆ ಬಂತು. ಅದಾದ ಕೆಲವು ತಿಂಗಳಲ್ಲಿ ತಡೆ ತೆರವಾಯಿತು.

ಮನೆ ಖಾಲಿ ಮಾಡಿಸಲು ಕೋರ್ಟ್ ಕಮಿಷನರು ಪೊಲೀಸರ ಜೊತೆ ಬರುವ ದಿನ ಗೊತ್ತಾಯಿತು. 2024ರ ಮಾರ್ಚ್ ಕೊನೆ. ಆ ಹುಡುಗಿಗೆ ಅದೇ ವಾರ ಎಸ್‌ಎಸ್‌ಎಲ್‌ಸಿ ಪರೀಕ್ಷೆ. ಅವಳ ಅಜ್ಜಿ ನನಗೆ ಫೋನ್ ಮಾಡಿದರು. ಅಳಲಿಲ್ಲ, ಬೈಯಲಿಲ್ಲ. ಗಣಿತ ಪೇಪರ್ ಯಾವತ್ತು ಅಂತ ಹೇಳಿದರು, ಅಷ್ಟೇ. ನಾನೇ ಮುಂದಕ್ಕೆ ಹಾಕಿಸಿದೆ. ನನ್ನ ತಮ್ಮ ಇವತ್ತಿಗೂ ಅದನ್ನು ದಡ್ಡತನ ಅನ್ನುತ್ತಾನೆ. ಇರಬಹುದು. ಆ ದಿನಾಂಕ ತಪ್ಪಿದ್ದಕ್ಕೆ ಮತ್ತೆ ತಿಂಗಳುಗಟ್ಟಲೆ ಎಳೆಯಿತು. ಕೊನೆಗೆ ನಾನು ಮೂರು ಲಕ್ಷ ಕೊಡುವುದು, ಅವರು ತಾವಾಗಿ ಬಿಡುವುದು ಅಂತ ಮಾತಾಯಿತು. ಸೆಪ್ಟೆಂಬರಿನಲ್ಲಿ ಬೀಗದ ಕೈ ಕೊಟ್ಟರು. ತುಳಸಿ ಕುಂಡ ಬಿಟ್ಟು ಹೋಗಿದ್ದಾರೆ.

ಆಮೇಲೆ ಬಾಕಿಗಳ ಮೆರವಣಿಗೆ. ಅಪಾರ್ಟ್‌ಮೆಂಟ್ ಸಂಘಕ್ಕೆ ಹಳೇ ಮಾಲೀಕ ಮೇಂಟೆನೆನ್ಸ್ ಕಟ್ಟೇ ಇರಲಿಲ್ಲ: 2.1 ಲಕ್ಷ. ಕರೆಂಟ್ ಬಿಲ್ಲು 38 ಸಾವಿರ. ಹಳಬರ ಬಿಲ್ಲು ನಾನ್ಯಾಕೆ ಕಟ್ಟಲಿ ಅಂತ ಜಗಳಕ್ಕೆ ಹೊರಟಿದ್ದೆ. ವಕೀಲರು ತಡೆದರು. ‘ಹೇಗಿದೆಯೋ ಹಾಗೆ’ ಅಂತ ಕೊಂಡವರಿಂದ ಹಳೇ ವಿದ್ಯುತ್ ಬಾಕಿ ಕೇಳಬಹುದು, ಅದನ್ನು ತೀರಿಸುವವರೆಗೆ ಹೊಸ ಸಂಪರ್ಕ ಕೊಡದೆ ಇರಬಹುದು ಅಂತ 2023ರ ಮೇ ತಿಂಗಳಲ್ಲೇ ಸುಪ್ರೀಂ ಕೋರ್ಟ್ ಹೇಳಿಯಾಗಿತ್ತು. ಬಾತ್‌ರೂಮಿನ ನೀರು ಕೆಳಗಿನ ಮನೆಗೆ ಇಳಿಯುತ್ತಿತ್ತು, ಅದರ ರಿಪೇರಿ ಸೇರಿ ಮನೆ ಕೆಲಸಕ್ಕೆ 4.6 ಲಕ್ಷ.

ಒಂದು ರಾತ್ರಿ ಕೂತು ಲೆಕ್ಕ ಹಾಕಿದೆ. ಮನೆಗೆ 51.5. ಸ್ಟಾಂಪ್ ಡ್ಯೂಟಿ, ನೋಂದಣಿ 3.4. ಬಾಕಿಗಳು ಸುಮಾರು ಎರಡೂವರೆ. ಲೀಸಿನವರಿಗೆ 3. ವಕೀಲರಿಗೆ 1.75. ರಿಪೇರಿ 4.6. ಈ 22 ತಿಂಗಳು ನಾವು ಕಟ್ಟಿದ ಬಾಡಿಗೆ 4 ಲಕ್ಷದ ಮೇಲೆ. ಒಟ್ಟು 70 ಲಕ್ಷ ದಾಟಿತು. ಪರ್ಸನಲ್ ಲೋನಿನ ಬಡ್ಡಿಯನ್ನು ಬೇಕೆಂದೇ ಸೇರಿಸಿಲ್ಲ. ಹೆಂಡತಿ ಆ ಚೀಟಿ ನೋಡಿ ಏನೂ ಹೇಳಲಿಲ್ಲ. ಮಡಚಿ ನನ್ನ ಫೈಲಿಗೇ ಸೇರಿಸಿದಳು.

ಹರಾಜಿನಲ್ಲಿ ಕೊಳ್ಳಲೇಬಾರದು ಅಂತ ನಾನು ಹೇಳುವುದಿಲ್ಲ. ಭೌತಿಕ ಸ್ವಾಧೀನ ಇರುವ, ಬ್ಯಾಂಕೇ ಬೀಗ ಹಾಕಿರುವ ಮನೆಗಳೂ ಬರುತ್ತವೆ. ಅವು ಇಷ್ಟು ಅಗ್ಗಕ್ಕೆ ಸಿಗುವುದಿಲ್ಲ, ಸಿಗಬಾರದು ಕೂಡ. ನೀವು ನೋಡುತ್ತಿರುವುದು ಸಾಂಕೇತಿಕದ್ದಾದರೆ, ಬೀಗದ ಕೈ ಬರಲು ಎರಡು ವರ್ಷ ಅಂತ ಹಿಡಿದು ಅಷ್ಟು ತಿಂಗಳ ಬಾಡಿಗೆ, ಬಡ್ಡಿ, ವಕೀಲರ ಫೀಸನ್ನು ಬೆಲೆಗೆ ಕೂಡಿಸಿ ನೋಡಿ. ಆಗಲೂ ಅಗ್ಗ ಅನಿಸಿದರೆ ಮುಂದಿನ ಮಾತು. ಕೈಯಲ್ಲಿ ಪೂರ್ತಿ ದುಡ್ಡು ಇಲ್ಲದೆ ಬಿಡ್ ಹಾಕಲೇಬೇಡಿ. ಸಾಲ ಬರುತ್ತದೆ ಅನ್ನುವ ನಂಬಿಕೆಯ ಮೇಲಂತೂ ಬೇಡ. ಸಾಲಗಾರನ ಹೆಸರು ಪ್ರಕಟಣೆಯಲ್ಲೇ ಇರುತ್ತದೆ. ಅದನ್ನು ಹಿಡಿದು ಸಾಲ ವಸೂಲಿ ನ್ಯಾಯಮಂಡಳಿಯ ವೆಬ್‌ಸೈಟಿನಲ್ಲಿ ಕೇಸ್ ಇದೆಯಾ ಅಂತ ಹುಡುಕಬಹುದು. ಹತ್ತು ನಿಮಿಷದ ಕೆಲಸ. ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಯನ್ನು ಕಂಡು ಬಾಕಿ ಎಷ್ಟು ಅಂತ ಬರೆಸಿಕೊಳ್ಳಿ. ವಾಚ್‌ಮನ್ ಜೊತೆ ಒಂದು ಟೀ ಕುಡಿಯಿರಿ. ನಮ್ಮ ಬಿಲ್ಡಿಂಗಿನ ವಾಚ್‌ಮನ್‌ಗೆ ಲೀಸಿನ ವಿಷಯ ಮೊದಲ ದಿನದಿಂದ ಗೊತ್ತಿತ್ತು. ನಾನು ಕೇಳಿರಲಿಲ್ಲ. ಆಮೇಲೆ ಎರಡು ಮಹಡಿ ಹತ್ತಿ ಬೆಲ್ ಒತ್ತಿ.

ಲೀಸಿಗೆ ಹೋಗುವವರಿಗೂ ಒಂದು ಮಾತು. 14 ಲಕ್ಷ ಕಳೆದುಕೊಂಡವರ ಮುಂದೆ ನನ್ನ ನಷ್ಟ ಏನೂ ಅಲ್ಲ. ದುಡ್ಡು ಕೊಡುವ ಮುಂಚೆ ಆ ಮನೆಯ ಇಸಿ (ಮನೆಯ ಮೇಲೆ ನೋಂದಣಿಯಾದ ಸಾಲ, ವ್ಯವಹಾರ ತೋರಿಸುವ ಋಣಭಾರ ಪ್ರಮಾಣಪತ್ರ) ತೆಗೆಸಿ, ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನಿನಲ್ಲೇ ಸಿಗುತ್ತದೆ. ಬ್ಯಾಂಕಿನ ಹೆಸರು ಕಂಡರೆ ಕಂತು ಸರಿಯಾಗಿ ಹೋಗುತ್ತಿದೆಯಾ ಅಂತ ಸ್ಟೇಟ್‌ಮೆಂಟ್ ಕೇಳಿ. ಇಸಿಯಲ್ಲಿ ಬರದ ಸಾಲವೂ ಇರಬಹುದು, ಅದಕ್ಕೆ ಸರ್ಸಾಯ್ ಅನ್ನುವ ಕೇಂದ್ರ ನೋಂದಣಿಯಲ್ಲಿ ಯಾರು ಬೇಕಾದರೂ ಸಣ್ಣ ಶುಲ್ಕ ಕಟ್ಟಿ ಹುಡುಕಬಹುದು. ಕರಾರನ್ನು ರಿಜಿಸ್ಟರ್ ಮಾಡಿಸಿ. ಮಾಲೀಕ ‘ಸುಮ್ನೆ ಖರ್ಚು ಯಾಕೆ, ನೋಟರಿ ಸಾಕು’ ಅಂದರೆ ಅಲ್ಲಿಂದ ಎದ್ದು ಬನ್ನಿ.

ಆ ವ್ಯಾನ್ ಓಡಿಸುವವರು ಈಗ ಅಂಜನಾಪುರದ ಕಡೆ ತಿಂಗಳ ಬಾಡಿಗೆಗಿದ್ದಾರೆ. ಹುಡುಗಿ ಪಿಯುಸಿ ಸೇರಿದಳು. ಹೋದ ತಿಂಗಳು ಅವರ ಫೋನ್ ಬಂತು. ಅವರ ಭಾವಮೈದುನ ಎಲ್ಲೋ 9 ಲಕ್ಷಕ್ಕೆ ಲೀಸ್ ಮನೆ ನೋಡಿದ್ದಾರಂತೆ, ‘ನಿಮಗೆ ಇದೆಲ್ಲ ಗೊತ್ತಲ್ಲ ಸರ್, ಸ್ವಲ್ಪ ನೋಡಿ ಹೇಳಿ’ ಎಂದು ಇಸಿ ಕಳಿಸಿದರು. ಎರಡನೇ ಪುಟದಲ್ಲಿ ಬ್ಯಾಂಕಿನ ಹೆಸರಿತ್ತು. ಮಾಲೀಕನ ಹತ್ತಿರ ಸಾಲದ ಸ್ಟೇಟ್‌ಮೆಂಟ್ ಕೇಳಿ ಎಂದೆ. ಸಂಜೆ ಮತ್ತೆ ಫೋನ್ ಬಂತು. ಮಾಲೀಕ ಮನೆಯನ್ನು ಬೇರೆಯವರಿಗೆ ಕೊಡುತ್ತೇನೆ ಎಂದನಂತೆ.